ಆರು ಕಿಲೋ ನಲವತ್ತು ಗ್ರಾಂ

ಜುವಾರಿನಗರ, ವಾಸ್ಕೋ
ಡಿಸೆಂಬರ್ ೯, ೨೦೧೨, ಭಾನುವಾರ

ಲಕ್ಷ್ಮೇಶ್ವರದಲ್ಲಿರುವ ನನ್ನ ಉಸ್ತಾದ ರಾಜಮಹ್ಮದರಿಗೆ, ನಿಮ್ಮ ಹುಲಿಗೆಪ್ಪ ಬರೆಯುವುದು.

ನಿಮ್ಮ ವಿಳಾಸ ಕೇಳಲು ನಿಮ್ಮ ತಂಗಿ ಅಖ್ತರಬಾನು ಅವರ ಬಳೆ ಅಂಗಡಿಗೆ ಮೂರು ಸಲ ಹೋದೆ. ಎರಡು ಸಲ ಬಳೆ ಜೋಡಿಸುವ ನೆಪದಲ್ಲಿ ಅವರು ನನ್ನ ಮುಖ ನೋಡಲಿಲ್ಲ. ಮೂರನೆಯ ಸಲ, "ಎರಡು ವರ್ಷ ಆತಲ್ಲೋ, ಈಗ ನೆನಪಾತೇನು ನಿನ್ನ ಉಸ್ತಾದಂದು?" ಎಂದು ಕೇಳಿ, ಬಳೆ ಸುತ್ತುವ ಕಾಗದದ ಮೇಲೆಯೇ ಬರೆದುಕೊಟ್ಟರು. ನೀವು ಬಸ್ ಸ್ಟ್ಯಾಂಡಿನ ಹಿಂದೆ ಸೈಕಲ್ ಪಂಕ್ಚರ್ ಅಂಗಡಿ ಇಟ್ಟಿದ್ದೀರಂತೆ. ಯಾರಾದರೂ ಬ್ರೇಕಿನ ಕೆಲಸ ತಂದರೆ, "ನಾ ಅದನ್ನ ಬಿಟ್ಟೀನ್ರಿ, ಕಣ್ಣು ಕೈಕೊಟ್ಟಾವು" ಎಂದು ವಾಪಸು ಕಳಿಸುತ್ತೀರಂತೆ.

ಈ ಪತ್ರ ಅದಕ್ಕೇ. ನಿಮ್ಮ ಕಣ್ಣು ಕೈಕೊಟ್ಟಿಲ್ಲ ಉಸ್ತಾದ. ಅದು ನನಗೆ ಅಂದೇ ಗೊತ್ತಿತ್ತು. ಹೇಗೆ ಗೊತ್ತಿತ್ತು, ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಕೆಳಗೆ ಬರೆಯುತ್ತೇನೆ. ನಡುವೆ ಸಿಟ್ಟು ಬಂದು ಕಾಗದ ಹರಿಯಬೇಕೆನಿಸಿದರೆ ಹರಿಯಿರಿ. ಆದರೆ ಈ ಒಂದು ಸಾಲು ಓದಿಯಾದರೂ ಹರಿಯಿರಿ: ಆ ತಪ್ಪು ನಿಮ್ಮದಲ್ಲ, ನನ್ನದು.

ನಾವಿಬ್ಬರೂ ಇದ್ದ ಕೋಣೆಯಲ್ಲಿ ಈಗ ನಾನೊಬ್ಬನೇ ಇದ್ದೇನೆ. ಗಣಿ ನಿಂತು ಮೂರು ತಿಂಗಳಾಯಿತು. ಸಾವರ್ಡೆ ಕಡೆಗೆ ಹೋದರೆ ರಸ್ತೆಯ ಎರಡೂ ಬದಿಗೆ ಟಿಪ್ಪರ್‌ಗಳು ಸಾಲಾಗಿ ನಿಂತಿವೆ, ಕೆಲವಕ್ಕೆ ಗಾಲಿಯ ಮೇಲೆ ಬಳ್ಳಿ ಹಬ್ಬಿದೆ. ಬಂದರಿನಲ್ಲಿ ಅದಿರು ತುಂಬುತ್ತಿದ್ದವರೆಲ್ಲ ಊರಿನ ಬಸ್ಸು ಹತ್ತಿದ್ದಾರೆ. ನಮ್ಮ ಓಣಿಯ ಅರ್ಧ ಬಾಗಿಲಿಗೆ ಬೀಗ. ಸಂಜೆ ಕೆಲಸದಿಂದ ಬಂದರೆ ವಾದ ಮಾಡಲು ಯಾರೂ ಇಲ್ಲ. ಓದಿದ್ದನ್ನು ಯಾರಿಗೆ ಹೇಳಲಿ? ಯೂನಿಯನ್ ಆಫೀಸಿನಲ್ಲಿ ನನ್ನ ಮಾತಿಗೆ ತಲೆಯಾಡಿಸುವವರು ಬಹಳ ಮಂದಿ ಇದ್ದಾರೆ. ನೀವು ಒಂದು ದಿನವೂ ಒಪ್ಪುತ್ತಿರಲಿಲ್ಲ, ಆದರೆ ಬೀಡಿ ಆರುವ ತನಕ ಕೇಳುತ್ತಿದ್ದಿರಿ. ಅಂಥ ಕಿವಿ ಆಮೇಲೆ ನನಗೆ ಸಿಕ್ಕಿಲ್ಲ.

ಆ ಹಳದಿ ಕಾರು ವೆರ್ಣಾದ ನಮ್ಮ ಗ್ಯಾರೇಜಿಗೆ ಮೊದಲ ಸಲ ಬಂದ ದಿನ ನಿಮಗೆ ನೆನಪಿರಬೇಕು. ನಲವತ್ತು ಟಿಪ್ಪರ್ ಓಡಿಸುತ್ತಿದ್ದ ಮಾಲೀಕನ ಮಗ ತಂದಿದ್ದ. ನಮ್ಮ ಗ್ಯಾರೇಜಿನ ಧಣಿ ಪಾತ್ರಾಂವ್ ಅವನನ್ನು "ಬಾಬ, ಬಾಬ" ಎಂದು ಕರೆಯುತ್ತಿದ್ದುದರಿಂದ ನಮಗೂ ಅವನು ಬಾಬನೇ ಆದ. ಎಲ್ಲರೂ ಎಂಜಿನ್ ನೋಡಲು ಹಿಂದೆ ಓಡಿದರೆ ನೀವೊಬ್ಬರೇ ಮುಂದಿನ ಗಾಲಿಯ ಪಕ್ಕ ಮಂಡಿಯೂರಿ ಕುಳಿತಿರಿ. ಅರಗಳ ನಡುವಿನ ಬೂದು ಬಣ್ಣದ ಡಿಸ್ಕ್ ನೋಡಿ ನನ್ನನ್ನು ಕರೆದಿರಿ.

"ಬಾರಲೇ ಹುಲಿ, ನೋಡಿಲ್ಲಿ. ಇದು ಕಬ್ಬಿಣ ಅಲ್ಲ. ಇದ್ದಲಿ, ಮಣ್ಣು ಕೂಡಿಸಿ ಸುಟ್ಟು ಮಾಡಿದ್ದು. ಕುಂಬಾರನ ಕೆಲಸ."

ಅದರ ಹೆಸರು ಕಾರ್ಬನ್ ಸೆರಾಮಿಕ್ ಎಂದು ಪಾತ್ರಾಂವ್ ಹೇಳಿದ. ನಾಲ್ಕು ಡಿಸ್ಕಿಗೆ ಹತ್ತು ಲಕ್ಷ ಎಂದೂ ಹೇಳಿದ. ನನ್ನ ತಲೆ ಆಗಲೇ ಕೆಟ್ಟಿತು. ನನ್ನ ಅವ್ವ ಭಾಗವ್ವ ಕಲಂಗುಟ್‌ನಲ್ಲಿ ಹೋಟೆಲ್ ಕಟ್ಟುವಲ್ಲಿ ಮರಳು ಹೊರುತ್ತಿದ್ದಳು. ಅವಳು ಎಷ್ಟು ವರ್ಷ ಮರಳು ಹೊತ್ತರೆ ಒಂದು ಡಿಸ್ಕ್ ಬರುತ್ತದೆ ಎಂದು ಲೆಕ್ಕ ಹಾಕತೊಡಗಿದೆ. ಅದೇ ಮಾಲೀಕನ ಟಿಪ್ಪರ್‌ಗಳ ಬ್ರೇಕ್ ಲೈನಿಂಗ್ ರಿವೆಟ್ಟು ಕಾಣುವಷ್ಟು ಸವೆದಿರುತ್ತಿತ್ತು. ಗ್ಯಾರೇಜಿಗೆ ಬರುವ ಮೊದಲು ಹತ್ತು ವರ್ಷ ಅವುಗಳ ಡ್ರಮ್ಮು ತಟ್ಟಿ ಸದ್ದು ಕೇಳಿದವರು ನೀವೇ.

ಆಮೇಲೆ ತಿಂಗಳುಗಟ್ಟಲೆ ನಮಗೆ ಅದೇ ವಾದ. ಅಷ್ಟು ಬೆಲೆಗೆ ಆ ಬ್ರೇಕು ಯೋಗ್ಯವೋ ಅಲ್ಲವೋ? ನನಗೆ ಹೌದು ಇಲ್ಲ ಎಂಬ ಒಂದು ಉತ್ತರ ಬೇಕಿತ್ತು. ನೀವು ಎಂದೂ ಹಾಗೆ ಕೊಡಲಿಲ್ಲ.

"ಕಾರು ಹಿಡಿದು ನಿಲ್ಲಸೋದು ಬ್ರೇಕಲ್ಲಲೇ, ಟಾಯರ. ಒಂದ ಸಲ ಜೋರ್ ತುಳದಿ ಅಂದ್ರ ಕಬ್ಬಿಣದ್ದೂ ಅಷ್ಟ ದೂರಕ್ಕ ನಿಲ್ಲತೈತಿ, ಇದೂ ಅಷ್ಟ ದೂರಕ್ಕ. ಬೆನ್ನಬೆನ್ನಿಗೆ ಇಪ್ಪತ್ತು ಸಲ ತುಳದ್ರ ಕಬ್ಬಿಣ ಕಾದು ಸೋಲತೈತಿ. ಇದು ಸೋಲಂಗಿಲ್ಲ."

"ಕಲಂಗುಟ್ ರಸ್ತೆದಾಗ ಇಪ್ಪತ್ತು ಸಲ ಯಾರು ತುಳಿತಾರ ಉಸ್ತಾದ?"

"ಯಾರೂ ಇಲ್ಲ. ಇಲ್ಲಿ ಓಡಸಾಂವಗ ಇದು ಬ್ಯಾಡ. ರೇಸಿಗೆ ಒಯ್ಯಾಂವಗ ಬೇಕು."

"ಅಂದ್ರ ಸೊಕ್ಕಿಗೆ ಕೊಂಡಾನ."

"ಸೊಕ್ಕಿಗೂ ಕೊಂಡಿರಬಹುದು. ಆದ್ರ ಮಾಲು ಖರೇ ಐತಿ. ಕಬ್ಬಿಣದ ಅರ್ಧ ತೂಕ. ಈ ಸಮುದ್ರದ ಗಾಳಿಗೆ ಕಬ್ಬಿಣ ಬೆಳಗಾಗೂದ್ರಾಗ ಕೆಂಪಾಗತೈತಿ, ಇದು ಆಗಂಗಿಲ್ಲ."

ಶ್ರೀಮಂತನ ಬ್ರೇಕಿಗೂ ನೀವು ನ್ಯಾಯ ಮಾಡುತ್ತಿದ್ದಿರಿ. ಅದು ನನಗೆ ಸಹಿಸುತ್ತಿರಲಿಲ್ಲ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಉಳಿದದ್ದನ್ನೆಲ್ಲ ಕಲಿತದ್ದು ಯೂನಿಯನ್ ಆಫೀಸಿನ ಎರಡು ರೂಪಾಯಿಯ ಕರಪತ್ರಗಳಿಂದ. ಅವುಗಳಲ್ಲಿ ಒಂದು ಕಡೆ ದುಡಿಯುವವರು, ಇನ್ನೊಂದು ಕಡೆ ಕೂತು ತಿನ್ನುವವರು. ನಡುವೆ ಯಾರೂ ಇಲ್ಲ. ಈಗಲೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಎರಡು ಕಡೆಯವರು ಒಂದೇ ರಸ್ತೆಯಲ್ಲಿ ಓಡಾಡುತ್ತಾರೆ ಎಂಬುದನ್ನು ಯಾವ ಕರಪತ್ರವೂ ನನಗೆ ಹೇಳಿರಲಿಲ್ಲ. ನೀವು ಹೇಳಿದ್ದಿರಿ. 'ಹತ್ತು ಲಕ್ಷದ ಬ್ರೇಕು' ಎಂದು ನಾನೊಂದು ಕರಪತ್ರ ಬರೆದು ನಿಮಗೆ ಓದಿ ತೋರಿಸಿದಾಗ, ಟಿಪ್ಪರ್ ಲೈನಿಂಗಿನ ಮಾತಿಗೆ ತಲೆದೂಗಿದಿರಿ. ಕೊನೆಗೆ, ಅವನ ಬ್ರೇಕು ಕೆಟ್ಟರೆ ನಮಗೇನು ಎಂಬ ಸಾಲು ಬಂದಾಗ ಕೈ ಅಡ್ಡ ಹಿಡಿದಿರಿ.

"ಅದೊಂದ ತಗಿ. ಬ್ರೇಕು ಒಳಗ ಕುಂತಾಂವಗ ಅಲ್ಲಲೇ, ಮುಂದ ನಿಂತಾಂವಗ."

ನಾನು ಆ ಸಾಲು ತೆಗೆಯಲಿಲ್ಲ. ಕರಪತ್ರವನ್ನು ಅಚ್ಚಿಗೂ ಕೊಡಲಿಲ್ಲ. ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ಸಿಕ್ಕಿತ್ತು.

ಆ ವಿಷಯ ಗುರುಪಾದ ಶೆಟ್ಟರ ತಕ್ಕಡಿ. ಬೆಳಗಾವಿ ಕಡೆಯ ಆ ಶೆಟ್ಟರು ನಮ್ಮ ಓಣಿಯ ಕೊನೆಗೆ ಕಿರಾಣಿ ಅಂಗಡಿ ಇಟ್ಟಿದ್ದರು. ನೀವು ಸಾಮಾನು ವಾಸ್ಕೋ ಬಜಾರಿನಿಂದ ತರುತ್ತಿದ್ದಿರಿ, ಹಾಗಾಗಿ ನಿಮಗೆ ತಿಳಿಯುವಂತಿರಲಿಲ್ಲ. ಓಣಿಯ ಹೆಂಗಸರು ಗೊಣಗುವುದು ಕೇಳಿ ನಾನು ಯೂನಿಯನ್ ಆಫೀಸಿನಿಂದ ಮುದ್ರೆಯಿದ್ದ ಒಂದು ಕಿಲೋ ಕಲ್ಲು ಎರವಲು ತಂದು, ಶೆಟ್ಟರು ಊಟಕ್ಕೆ ಎದ್ದಾಗ ಅವರ ಹೊಸ ಕರೆಂಟಿನ ತಕ್ಕಡಿಯ ಮೇಲೆ ಇಟ್ಟು ನೋಡಿದ್ದೆ. ಒಂದು ಕಿಲೋಕ್ಕೆ ಇಪ್ಪತ್ತು ಗ್ರಾಂ ಹೆಚ್ಚು ತೋರಿಸಿತು. ಮೂರು ಸಲ ಇಟ್ಟೆ, ಮೂರು ಸಲವೂ ಅಷ್ಟೇ. ಮುನ್ನೂರು ಕರಪತ್ರ ಅಚ್ಚಿಗೆ ಕೊಟ್ಟು, ಭಾನುವಾರ ಹಂಚುವುದೆಂದು ಇಟ್ಟುಕೊಂಡೆ. ಮೊದಲೇ ಸುದ್ದಿ ಹೊರಬಿದ್ದರೆ ಶೆಟ್ಟರು ತಕ್ಕಡಿ ಬದಲಿಸಿಬಿಡುತ್ತಾರೆ ಎಂದು ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ.

ಆ ವಾರದ ಗುರುವಾರವೇ ಬಾಬನ ಕಾರು ಮತ್ತೆ ಬಂತು. ಚೆನ್ನೈ ಹತ್ತಿರದ ರೇಸ್ ಮೈದಾನದಲ್ಲಿ ಎರಡು ದಿನ ಓಡಿಸಿ ತಂದಿದ್ದ. ಡಿಸ್ಕ್ ಇನ್ನೂ ನಡೆಯುತ್ತದೋ ಇಲ್ಲವೋ ಎಂದು ನೋಡಬೇಕಿತ್ತು. ಕಬ್ಬಿಣವಾದರೆ ಅಂಚಿಗೆ ಉಗುರು ತಾಗಿಸಿ ಹೇಳುತ್ತಿದ್ದಿರಿ. ಇದು ಹಾಗೆ ತೆಳ್ಳಗಾಗುವುದಿಲ್ಲ, ಕಾದು ಕಾದು ಒಳಗಿನ ಇದ್ದಲಿ ಉರಿದು ಹಗುರವಾಗುತ್ತದೆ. ಅದಕ್ಕೆ ಕಂಪನಿಯವರು ನಡುವಿನ ಲೋಹದ ಮೇಲೆ ಕಡಿಮೆಯೆಂದರೆ ಎಷ್ಟು ತೂಕವಿರಬೇಕೆಂದು ಕೆತ್ತಿರುತ್ತಾರೆ. ಅದಕ್ಕಿಂತ ಇಳಿದರೆ ಬಿಸಾಡಬೇಕು. ಐದು ಸಾವಿರದ ಒಂಬೈನೂರ ಐವತ್ತು ಗ್ರಾಂ ಎಂದು ಅದರ ಮೇಲಿತ್ತು. ನಮ್ಮ ಗ್ಯಾರೇಜಿನಲ್ಲಿ ತಕ್ಕಡಿ ಇರಲಿಲ್ಲ. ಮುಂಬಯಿಗೆ ಕಳಿಸುವ ಖರ್ಚು ಬೇಡವೆಂದು ಪಾತ್ರಾಂವ್, "ಎಲ್ಲಾದರೂ ತೂಗಿಸಿಕೊಂಡು ಬಾ" ಎಂದ. ನೀವು ನನ್ನನ್ನು ಕೇಳಿದಿರಿ.

"ನಮ್ಮ ಓಣಿ ಶೆಟ್ಟಿ ಹಂತ್ಯಾಕ ಕರೆಂಟಿಂದು ಐತಲ್ಲ?"

ನಾನು ಐತ್ರಿ ಎಂದೆ. ಅಷ್ಟೇ ಹೇಳಿದೆ.

ಮಗುವನ್ನು ಸುತ್ತಿದಂತೆ ಮುಂದಿನ ಎರಡು ಡಿಸ್ಕುಗಳನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಮೇಲೆ ತೊಡೆಯಲ್ಲಿಟ್ಟುಕೊಂಡು ಬಂದೆವು. ಶೆಟ್ಟರು ಬೆಲ್ಲದ ಪುಡಿ ಒರೆಸಿ ತಕ್ಕಡಿ ಸರಿಸಿಕೊಟ್ಟರು. "ಏನ್ರಿ ಉಸ್ತಾದ, ಕಿಲೋಕ್ಕ ಹೆಂಗ ಇದು?" ಎಂದು ನಗೆಯಾಡಿದರು. "ನಿಮ್ಮ ಇಡೀ ಅಂಗಡಿ ಇಟ್ರೂ ಒಂದ ಬರಂಗಿಲ್ಲ ಶೆಟ್ರ, ಹುಷಾರ್ ಹಿಡೀರಿ" ಎಂದಿರಿ ನೀವು. ಬಲಗಡೆಯದು ತೂಕದಲ್ಲಿ ಸಾಕಷ್ಟು ಮೇಲಿತ್ತು. ಎಡಗಡೆಯದನ್ನು ಇಟ್ಟಾಗ ನೀವು ಕಣ್ಣು ಕಿರಿದು ಮಾಡಿ ಓದಿದಿರಿ. "ಬರ್ಕೋ ಹುಲಿ. ಆರು ಸೊನ್ನೆ ನಾಕು ಸೊನ್ನೆ. ತೊಂಬತ್ತು ಗ್ರಾಂ ಮ್ಯಾಲೈತಿ, ಇನ್ನೊಂದಿಷ್ಟು ದಿನ ನಡೀತೈತಿ."

ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ. ನಾನೂ ಅದನ್ನೇ ಓದಿದ್ದೆ. ಆರು ಕಿಲೋಕ್ಕೆ ನೂರಿಪ್ಪತ್ತು ಗ್ರಾಂ ಕಳೆಯಬೇಕು, ಕಳೆದರೆ ಮೂವತ್ತು ಗ್ರಾಂ ಕಡಿಮೆ ಬೀಳುತ್ತದೆ ಎಂದು ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಶೆಟ್ಟರು ಎದುರಿಗಿದ್ದರು. ಬಾಯಿ ಬಿಟ್ಟರೆ ಭಾನುವಾರದ ಕರಪತ್ರ ಹಾಳು. ಹೊರಗೆ ಬಂದ ಮೇಲೆ ನಿಮ್ಮ ಕಿವಿಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು. ವೆರ್ಣಾ ಮುಟ್ಟುವ ತನಕ ಅರ್ಧ ತಾಸು ನಿಮ್ಮ ಬೆನ್ನ ಹಿಂದೆಯೇ ಕುಳಿತಿದ್ದೆ. ಹೇಳದೆ ಇದ್ದದ್ದಕ್ಕೆ ಕರಪತ್ರವಷ್ಟೇ ಕಾರಣವಲ್ಲ. ಹೋಗಲಿ, ಬಾಬನ ಬ್ರೇಕು ತಾನೇ, ಎಂದುಕೊಂಡೆ. ನೀವು ತೆಗೆ ಎಂದಿದ್ದ ಸಾಲು ಕಾಗದದ ಮೇಲಿಂದ ಎದ್ದು ನನ್ನೊಳಗೆ ಕುಳಿತಿತ್ತು.

ಅಂದು ಸಂಜೆಯ ಬಸ್ಸಿಗೆ ನೀವು ಮಗಳು ರಜಿಯಾಳ ನಿಶ್ಚಿತಾರ್ಥಕ್ಕೆ ಊರಿಗೆ ಹೋದಿರಿ. ಭಾನುವಾರ ಮುನ್ನೂರರಲ್ಲಿ ಹೆಚ್ಚಿನ ಕರಪತ್ರ ಹಂಚಿದೆ. ಓಣಿಯ ಹೆಂಗಸರು ಅಂಗಡಿಯ ಮುಂದೆ ಕೂಡಿದರು. ಶೆಟ್ಟರು ಸೋಮವಾರ ಬೇರೆ ತಕ್ಕಡಿ ತಂದಿಟ್ಟರು. ಯೂನಿಯನ್ ಆಫೀಸಿನಲ್ಲಿ ನನಗೆ ಚಹಾ ಕುಡಿಸಿ ಬೆನ್ನು ತಟ್ಟಿದರು. ಅಂಥ ಸಂತೋಷ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ.

ಬುಧವಾರ ಮಧ್ಯಾಹ್ನ ಬಾಬ ಸಾಳಗಾಂವ ಇಳಿಜಾರಿನಿಂದ ಜೋರಾಗಿ ಬಂದ. ಕಲಂಗುಟ್ ಪೇಟೆಯಲ್ಲಿ ಪ್ರವಾಸಿಗರ ಸ್ಕೂಟರ್ ಒಂದು ಅಡ್ಡ ಬಂತು. ತುಳಿದ, ಎಡಗಾಲಿ ಹಿಡಿಯದೆ ಕಾರು ಜಾರಿ ರಸ್ತೆಯ ಅಂಚಿಗೆ ಏರಿತು. ಅಲ್ಲಿ ಮಣಿಸರ, ಕನ್ನಡಿ ಕಸೂತಿಯ ಚೀಲ ಹರಡಿಕೊಂಡು ಕಾಳಿಬಾಯಿ ಕುಳಿತಿದ್ದಳು. ಅವಳ ಕಾಲು ಎರಡು ಕಡೆ ಮುರಿಯಿತು. ನನ್ನ ಅವ್ವ ಅಲ್ಲಿಂದ ಇಪ್ಪತ್ತು ಮಾರು ದೂರದಲ್ಲಿ ಮರಳು ಹೊರುತ್ತಿದ್ದವಳು ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳಂತೆ. ಆಸ್ಪತ್ರೆಯ ಖರ್ಚನ್ನು ಬಾಬನ ಮನೆಯವರು ಕೊಟ್ಟರು, ಮಾತು ಅಲ್ಲಿಗೇ ಮುಚ್ಚಿತು. ಆ ಮೂವತ್ತು ಗ್ರಾಂ ಕೊರತೆಯೇ ಅವಳ ಕಾಲು ಮುರಿಯಿತೋ, ಬಾಬನ ವೇಗವೋ, ನನಗೆ ತಿಳಿಯದು. ಆದರೆ ಆ ಕಾರು ಅಂದು ರಸ್ತೆಗೆ ಇಳಿಯಬಾರದಿತ್ತು, ಅದು ತಿಳಿದಿದ್ದವನು ನಾನೊಬ್ಬ.

ಶುಕ್ರವಾರ ನೀವು ಬಂದಿರಿ. ಸುದ್ದಿ ಕೇಳಿ, ಊರಿನಿಂದ ತಂದ ಸಿಹಿಯ ಡಬ್ಬಿಯನ್ನು ಬಿಚ್ಚದೆಯೇ ಗ್ಯಾರೇಜಿಗೆ ಹೋಗಿ, ಅಲ್ಲಿಗೆ ಎಳೆದು ತಂದಿದ್ದ ಕಾರಿನ ಎಡಗಡೆಯ ಡಿಸ್ಕ್ ಬಿಚ್ಚಿದಿರಿ. ಮತ್ತೆ ಅದೇ ಅಂಗಡಿಗೆ ಹೋದೆವು. ಶೆಟ್ಟರು ನಮ್ಮನ್ನು ನೋಡಿ ಒಳಗೆ ಎದ್ದು ಹೋದರು. ಹೊಸ ತಕ್ಕಡಿ ಐದು ಸಾವಿರದ ಒಂಬೈನೂರ ಇಪ್ಪತ್ತು ಎಂದು ತೋರಿಸಿತು. ನೀವು ಎತ್ತಿ ಮತ್ತೆ ಇಟ್ಟಿರಿ. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಓದಿದಿರಿ. ಆ ತಕ್ಕಡಿ ಹೊಸದೆಂದು ನಿಮಗೆ ಗೊತ್ತಾಗಲಿಲ್ಲ. ಹಳೆಯದರ ಹಾಗೇ ಇತ್ತು.

"ನಾ ಅವತ್ತ ಏನಂತ ಓದಿದ್ನಿ ಹುಲಿ?"

"ಆರು ಸೊನ್ನೆ ನಾಕು ಸೊನ್ನೆ ಅಂದಿದ್ರಿ."

"ನೀ ನೋಡಿದ್ದೇನು?"

ಇದನ್ನು ಬರೆಯಲು ನನಗೆ ಎರಡು ವರ್ಷ ಹಿಡಿಯಿತು ಉಸ್ತಾದ. ನಾನು ಹೇಳಿದ್ದು ನಿಮಗೂ ನೆನಪಿರುತ್ತದೆ. "ನಾ ನೋಡಲಿಲ್ರಿ. ನೀವು ಹೇಳಿದ್ದನ್ನ ಬರ್ಕೊಂಡೆ" ಎಂದೆ.

ನೀವು ಗೋಣಿಯನ್ನು ಮಡಚಿ, "ಮುಗೀತಲೇ ನಂದು" ಎಂದಿರಿ. ಬೈಯಲಿಲ್ಲ. ಪಾತ್ರಾಂವ್‌ಗೆ ನೀವೇ ಹೋಗಿ ಹೇಳಿದಿರಿ. ಅವನು ಎಲ್ಲರೆದುರು ನಿಮ್ಮನ್ನು ಕುರುಡ ಎಂದಾಗ ನಾನು ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತಿದ್ದೆ. ಎರಡು ದಿನ ನೀವು ಬಾಂಬೋಳಿ ಆಸ್ಪತ್ರೆಯಲ್ಲಿ ಕಾಳಿಬಾಯಿಯ ಹತ್ತಿರ ಕುಳಿತು ಬಂದಿರಿ. ಆ ಎರಡು ರಾತ್ರಿ ಉಳಿದ ಕರಪತ್ರಗಳು ನನ್ನ ಚಾಪೆಯ ಕೆಳಗಿದ್ದವು, ನೀವು ಮೂರು ಅಡಿ ಆಚೆ ಮಲಗಿದ್ದಿರಿ. ಮೂರನೆಯ ದಿನ ನಿಮ್ಮ ಹಾಸಿಗೆ ಸುತ್ತಿತ್ತು. ಸುತ್ತಿಗೆ, ಉಳಿ, ಬ್ರೇಕಿನ ಚಿಮಟಗಳನ್ನೆಲ್ಲ ನನ್ನ ಹೆಸರಿಗೆ ಬಿಟ್ಟು ಹೋಗಿದ್ದಿರಿ. ಅವುಗಳಿಂದಲೇ ನಾನು ಈ ಎರಡು ವರ್ಷ ಉಂಡಿದ್ದೇನೆ.

ಶೆಟ್ಟರ ಮೇಲೆ ನಾನು ಬರೆದ ಕರಪತ್ರದ ತಲೆಬರಹ, 'ಗೊತ್ತಿದ್ದೂ ಸುಮ್ಮನಿರುವವನು ಕಳ್ಳನ ಪಾಲುದಾರ' ಎಂದಿತ್ತು. ನನ್ನದೇ ಮಾತು.

ಕಳೆದ ಭಾನುವಾರ ಕಲಂಗುಟ್‌ಗೆ ಹೋಗಿ ಕಾಳಿಬಾಯಿಯನ್ನು ಕಂಡೆ. ಈಗ ಅವಳು ಮರಳಿನ ಮೇಲೆ ನಡೆಯಲಾರಳು, ಮೆಟ್ಟಿಲ ಹತ್ತಿರವೇ ಕೂರುತ್ತಾಳೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ನಿಂತಿದ್ದೆ. ಅವಳು ಮಣಿ ಪೋಣಿಸುತ್ತಲೇ, "ನನಗ ಹೇಳಿ ನನ್ನ ಕಾಲು ನೆಟ್ಟಗ ಮಾಡ್ತಿಯೇನು? ಆ ಮುದುಕ ದವಾಖಾನಿಗೆ ಬಂದು ನನ್ನ ಕಾಲು ಹಿಡದು ಅತ್ತಾನ. ಮಾಡದ ತಪ್ಪಿಗೆ ಅತ್ತಾನ. ಹೋಗಿ ಅವಗ ಹೇಳು ಮೂಳಾ" ಎಂದಳು.

ಮರುದಿನ ಗ್ಯಾರೇಜಿನಲ್ಲಿ ಬುತ್ತಿ ಬಿಚ್ಚಿದಾಗ ಎಲ್ಲರಿಗೂ ಹೇಳಿದೆ. ಪಾತ್ರಾಂವ್ ಕೈ ಬೀಸಿ, ಆ ಕಾರು ಪುಣೆಗೆ ಹೋಗಿ ವರ್ಷವಾಯಿತು, ಈಗ್ಯಾಕೆ ಅದು, ಎಂದ.  ಅಂದಿನಿಂದ ಬುತ್ತಿ ಬಿಚ್ಚುವಾಗ ಉಳಿದವರು ಕಂಪ್ರೆಸರ್ ಕಡೆ ಕೂರುತ್ತಾರೆ, ನಾನು ಈಚೆ ಕೂರುತ್ತೇನೆ. ಅದು ಸರಿಯೇ ಇದೆ.

ಮತ್ತೆ, ನಮ್ಮ ಹಳೆಯ ವಾದದ ಕೊನೆ ನೀವು ನೋಡದೆ ಹೋದಿರಿ, ತಿಳಿಸುತ್ತೇನೆ. ಮಾರುವ ಮೊದಲು ಬಾಬ ಆ ಕಾರಿಗೆ ನಾಲ್ಕೂ ಕಬ್ಬಿಣದ ಡಿಸ್ಕ್ ಹಾಕಿಸಿದ, ಹತ್ತರಲ್ಲಿ ಒಂದು ಪಾಲು ಬೆಲೆಗೆ. ಹಾಕಿದವನು ನಾನು. ವೆರ್ಣಾದ ಖಾಲಿ ರಸ್ತೆಯಲ್ಲಿ ಓಡಿಸಿ ತುಳಿದು ನೋಡಿದೆ, ನೀವು ಹೇಳಿದಷ್ಟೇ ದೂರಕ್ಕೆ ನಿಂತಿತು. ಇಲ್ಲಿಯ ರಸ್ತೆಗೆ ಆ ಹತ್ತು ಲಕ್ಷ ಬೇಕಿರಲಿಲ್ಲ, ನೀವು ಹೇಳಿದ್ದು ಖರೇ. ನಾನು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಆ ದುಡ್ಡಿಗೆ ಎಷ್ಟು ಟಿಪ್ಪರ್‌ಗಳ ಲೈನಿಂಗ್ ಆಗುತ್ತಿತ್ತು ಎಂಬುದನ್ನು ಇವತ್ತಿಗೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಸವೆದ ಬ್ರೇಕನ್ನು ಅದು ಯಾರದೆಂದು ನೋಡಿ ಹಾಗೇ ಓಡಲು ಬಿಟ್ಟೆ. ಆ ಟಿಪ್ಪರ್ ಮಾಲೀಕ ಮಾಡಿದ್ದೂ ಅದನ್ನೇ. ಅವನ ಮೇಲೆ ಬರೆಯುವ ಮುಖ ನನಗೆ ಉಳಿಯಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಉತ್ತರ ಬರೆಯಬೇಡಿ ಎನ್ನುವಷ್ಟು ದೊಡ್ಡವನೂ ನಾನಲ್ಲ. ಬೈದಾದರೂ ನಾಲ್ಕು ಸಾಲು ಬರೆದರೆ ಓದಿಕೊಂಡಿರುತ್ತೇನೆ. ನಿಮ್ಮ ಸಾಮಾನಿನ ಪೆಟ್ಟಿಗೆಯನ್ನು ನಾಳೆ ಲಕ್ಷ್ಮೇಶ್ವರದ ಬಸ್ಸಿಗೆ ಹಾಕುತ್ತೇನೆ. ಕಂಡಕ್ಟರಿಗೆ ನಿಮ್ಮ ಅಂಗಡಿಯ ಗುರುತು ಹೇಳಿದ್ದೇನೆ.

ಅಂದು ನೀವು ಓದಿದ ಅಂಕಿ ಸರಿಯಾಗಿತ್ತು ಉಸ್ತಾದ. ನಾನೂ ನೋಡಿದ್ದೆ. ಆರು ಕಿಲೋ ನಲವತ್ತು ಗ್ರಾಂ, ಇಬ್ಬರೂ ಅದನ್ನೇ ನೋಡಿದ್ದೆವು. ಇನ್ನು ಮೇಲೆ ಯಾರಾದರೂ ಬ್ರೇಕು ಹಿಡಿಯುತ್ತಿಲ್ಲವೆಂದು ನಿಮ್ಮ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ, ಬಿಟ್ಟೀನಿ ಅನ್ನಬೇಡಿ. ಕೂತು ಗಾಲಿ ಬಿಚ್ಚಿರಿ.

ನಿಮ್ಮ ಕಣ್ಣಿಗೆ, ಕೈಗೆ, ರಜಿಯಾಳ ಸಂಸಾರಕ್ಕೆ ಒಳ್ಳೆಯದಾಗಲಿ.

ನಿಮ್ಮಿಂದ ಕೆಲಸ ಕಲಿತವನು,
ಹುಲಿಗೆಪ್ಪ